ಒಣ ನೂಡಲ್ಸನ್ನು ಬೇಯಿಸದೆ ಹಾಗೇ ತಿನ್ನುವುದು ವಿಚಿತ್ರವಾ? ನಿಮಗೂ ಇಂಥ ಚಟ ಇದೆಯಾ?

ಮೊದಲು ಉತ್ತರ, ಆಮೇಲೆ ನನ್ನ ಪುರಾಣ. ವಿಚಿತ್ರ ಏನೂ ಅಲ್ಲ. ರಾತ್ರಿ ಹೊತ್ತು ನೂಡಲ್ಸ್ ಪ್ಯಾಕೆಟ್ಟನ್ನು ಕೈಯಲ್ಲೇ ಹಿಚುಕಿ ಪುಡಿ ಮಾಡಿ, ಮಸಾಲೆ ಉದುರಿಸಿ, ಕುಲುಕಿ, ಹಾಗೇ ಬಾಯಿಗೆ ಹಾಕಿಕೊಳ್ಳುತ್ತೀರಿ, ರೂಮಿನವರು "ಹಸೀದು ತಿಂತೀಯಲ್ಲೋ" ಅಂತ ನಗುತ್ತಾರೆ ಅಂತ ಬರೆದಿದ್ದೀರಿ. ನಗುವವರಿಗೆ ಒಂದು ಮಾತು ಹೇಳಿ. ಅದು ಹಸಿ ಅಲ್ಲವೇ ಅಲ್ಲ. 1958ರಲ್ಲಿ ಜಪಾನಿನಲ್ಲಿ ಮೊಮೊಫುಕು ಆಂಡೊ ಅನ್ನುವವರು ಈ ದಿಢೀರ್ ನೂಡಲ್ಸನ್ನು ಮಾರುಕಟ್ಟೆಗೆ ತಂದರು. ಅವರ ಕೈಚಳಕ ಇದ್ದದ್ದೇ ಇಲ್ಲಿ. ಎಳೆಗಳನ್ನು ಮೊದಲು ಹಬೆಯಲ್ಲಿ ಬೇಯಿಸಿ, ಆಮೇಲೆ ಎಣ್ಣೆಯಲ್ಲಿ ಕರಿಯುವುದು. ಕರಿದಾಗ ಒಳಗಿನ ನೀರು ಆವಿಯಾಗಿ ಹೊರಗೆ ಓಡುತ್ತದೆ, ಎಳೆಯ ತುಂಬ ಸಣ್ಣ ಸಣ್ಣ ತೂತು ಉಳಿಯುತ್ತದೆ. ಬಿಸಿನೀರು ಹಾಕಿದರೆ ಎರಡು ಮೂರು ನಿಮಿಷದಲ್ಲಿ ಮೆತ್ತಗಾಗುವುದು ಆ ತೂತುಗಳಿಂದಲೇ. ಒಣಗಿದ್ದಾಗ ಕರುಂ ಕುರುಂ ಅನ್ನುವುದೂ ಅವುಗಳಿಂದಲೇ. ಅಂದರೆ ನೀವು ತಿನ್ನುತ್ತಿರುವುದು ಬೆಂದು, ಕರಿದ ತಿಂಡಿಯನ್ನು. ಮಸಾಲೆ ಪುಡಿ ಮಾತ್ರ ಅರ್ಧ ಹಾಕಿ. ಅದರಲ್ಲಿರುವ ಉಪ್ಪು ಒಂದು ಬಟ್ಟಲು ನೀರಿನ ಲೆಕ್ಕದ್ದು, ನೀರಿಲ್ಲದೆ ಪೂರ್ತಿ ಸುರಿದರೆ ರಾತ್ರಿಯೆಲ್ಲ ಬಾಯಾರಿಕೆ.

ನಿಜವಾಗಿ ಹಸಿಯಾಗಿರುವುದು ಅಂದರೆ ಬಿಸ್ಕತ್ತು ಮಾಡುವಾಗ ಎಲ್ಲರೂ ಬೆರಳಲ್ಲಿ ಬಳಿದು ನೆಕ್ಕುವ ಆ ಹಿಟ್ಟು. ಹಸಿ ಮೊಟ್ಟೆ ಅಪಾಯ ಅಂತ ಸುಮಾರು ಜನಕ್ಕೆ ಗೊತ್ತು, ಹಸಿ ಮೈದಾ ಕೂಡ ಅಪಾಯ ಅಂತ ಗೊತ್ತಿಲ್ಲ. ಹೊಲದಿಂದ ಬಂದ ಗೋಧಿಯನ್ನು ಬೀಸಿದ್ದಷ್ಟೇ ಅದು, ಕ್ರಿಮಿ ಸಾಯುವಷ್ಟು ಬಿಸಿ ಎಲ್ಲೂ ತಾಗಿರುವುದಿಲ್ಲ. 2016ರಲ್ಲಿ ಅಮೆರಿಕದಲ್ಲಿ ಬರೀ ಹಿಟ್ಟಿನಿಂದಲೇ ಈ-ಕೋಲೈ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಹಬ್ಬಿ ಜನ ಆಸ್ಪತ್ರೆ ಸೇರಿದ್ದರು. ಅದನ್ನು ನೆಕ್ಕುವವರು ನಿಮ್ಮನ್ನು ನೋಡಿ ನಗುವುದು ಸರಿಯಲ್ಲ, ಅಲ್ವಾ? ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅನ್ನುತ್ತಾರೆ. ಗಾದೆಯ ಮೊದಲರ್ಧ ನಿಮ್ಮ ಕಡೆಗೇ ಇದೆ.

ಈಗ ನನ್ನ ಚಟಗಳು. ಬಾಯಿ ಚಪಲ ಅನ್ನುತ್ತೇವಲ್ಲ, ನನ್ನದು ನಾಲಿಗೆಯ ಚಪಲ ಅಲ್ಲ, ಹಲ್ಲಿನ ಚಪಲ. ಯೋಚಿಸಿ ನೋಡಿದರೆ ನನ್ನ ಎಲ್ಲ ವಿಚಿತ್ರ ಅಭ್ಯಾಸಗಳೂ ರುಚಿಗೆ ಸಂಬಂಧಪಟ್ಟವಲ್ಲ, ಕಡಿಯುವುದಕ್ಕೆ ಸಂಬಂಧಪಟ್ಟವು. ಬ್ರೆಡ್ಡಿನ ಅಂಚು ನನಗೆ, ನಡುವಿನದು ಬೇರೆಯವರಿಗೆ. ಕೋಳಿ ಬೇಯಿಸಿದರೆ ಮಾಂಸಕ್ಕಿಂತ ಮೂಳೆ ತುದಿಯ ಎಳೆಮೂಳೆ ಬೇಕು. ಸೇಬು ತಿಂದರೆ ತೊಟ್ಟು ಮಾತ್ರ ಉಳಿಯುತ್ತದೆ. ಎರಡು ಬ್ರೆಡ್ಡಿನ ನಡುವೆ ಬೆಣ್ಣೆ ಸವರಿ ಆಲೂಗಡ್ಡೆ ಚಿಪ್ಸ್ ಇಟ್ಟು ಅಂಗೈಯಲ್ಲಿ ಒಮ್ಮೆ ಒತ್ತಿ, ಚಟಪಟ ಅಂದಮೇಲೆ ತಿನ್ನುತ್ತೇನೆ. ಆ ಸದ್ದು ಕೇಳದಿದ್ದರೆ ತಿಂದ ಹಾಗೇ ಆಗುವುದಿಲ್ಲ. ಇದು ನನ್ನೊಬ್ಬನ ಹುಚ್ಚು ಅಂತ ತುಂಬಾ ದಿನ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಆಕ್ಸ್‌ಫರ್ಡ್‌ನ ಚಾರ್ಲ್ಸ್ ಸ್ಪೆನ್ಸ್ ಮತ್ತು ಅವರ ಜೊತೆಗಾರ ಜಾಂಪಿನಿ 2004ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದಾರೆ. ಜನರ ಕಿವಿಗೆ ಹೆಡ್‌ಫೋನ್ ಹಾಕಿ, ಅವರೇ ಚಿಪ್ಸ್ ಕಡಿಯುವ ಸದ್ದನ್ನು ಜೋರು ಮಾಡಿ ಕೇಳಿಸಿದರೆ ಅದೇ ಚಿಪ್ಸ್ ಜಾಸ್ತಿ ಗರಿಗರಿ ಅನಿಸುತ್ತದೆ, ಸದ್ದು ತಗ್ಗಿಸಿದರೆ ಮೆತ್ತಗಾಗಿದೆ ಅನಿಸುತ್ತದೆ. ಇದಕ್ಕೆ 2008ರಲ್ಲಿ ಇಗ್ ನೊಬೆಲ್ ಕೂಡ ಬಂತು, ಅದೇ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುತ್ತಾರಲ್ಲ, ಅದು. ಅಂದರೆ ಗರಿಗರಿ ಅನ್ನುವುದರಲ್ಲಿ ಅರ್ಧ ಕಿವಿಯ ಕೆಲಸ. ನಿಮ್ಮ ಒಣ ನೂಡಲ್ಸ್ ವಿಷಯವೂ ಅಷ್ಟೇ ಅಂತ ನನ್ನ ಊಹೆ. ಬೇಯಿಸಿದ್ದು ಹೊಟ್ಟೆಗೆ, ಒಣಗಿದ್ದು ಕಿವಿಗೆ.

ಇವೆಲ್ಲ ಒಂದು ತೂಕ, ತಳ ಹಿಡಿದ ಅನ್ನವೇ ಒಂದು ತೂಕ. ಯಾರಿಗಾದರೂ ಹೇಳಿದರೆ "ಸೀದಿದ್ದನ್ನು ತಿಂತೀಯಾ?" ಅನ್ನುತ್ತಾರೆ. ಸೀದಿದ್ದಲ್ಲ, ಸೀಯುವುದಕ್ಕೆ ಒಂದು ನಿಮಿಷ ಮುಂಚಿನದು. ಪಾತ್ರೆಯಲ್ಲಿ ನೀರಿರುವ ತನಕ ತಳದ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ, ನೀರು ಮೇಲಕ್ಕೆ ಬಿಡುವುದಿಲ್ಲ. ನೀರೆಲ್ಲ ಇಂಗಿದ ಮೇಲೆ ತಳದ ಅನ್ನಕ್ಕೆ ಯಾರ ಹಂಗೂ ಇಲ್ಲ, ಬಿಸಿ ಸರಸರ ಏರುತ್ತದೆ. 140 ಡಿಗ್ರಿಯ ಹೊತ್ತಿಗೆ ಸಕ್ಕರೆ ಅಂಶವೂ ಪ್ರೋಟೀನ್ ಅಂಶವೂ ಸೇರಿ ಕೆಂಪಗಾಗಲು ಶುರುವಾಗುತ್ತವೆ. 1912ರಲ್ಲಿ ಇದನ್ನು ಮೊದಲು ಬರೆದಿಟ್ಟ ಫ್ರಾನ್ಸಿನ ಮೈಯಾರ್ ಅವರ ಹೆಸರೇ ಇದಕ್ಕೆ. ಬ್ರೆಡ್ಡಿನ ಅಂಚಿನ ಘಮ, ಹುರಿದ ಕಾಫಿ ಬೀಜದ ಘಮ, ಬಾಣಲೆಯಲ್ಲಿ ಕೆಂಪಗಾದ ಮಾಂಸದ ಘಮ, ಎಲ್ಲದರಲ್ಲೂ ಇದರ ಕೈವಾಡ ಇದೆ. ಬೇಯಿಸಿದ್ದು ಯಾಕೆ ಹುರಿದಷ್ಟು ಘಮಘಮ ಅನ್ನುವುದಿಲ್ಲ ಅಂದರೆ ಇದಕ್ಕೇ. ನೀರಿನಲ್ಲಿ ಎಷ್ಟು ಹೊತ್ತು ಕುದಿಸಿದರೂ 140 ಮುಟ್ಟುವುದಿಲ್ಲ.

ನಾನೂ ಅಕ್ಕನೂ ಚಿಕ್ಕವರಿದ್ದಾಗ ಈ ತಳಕ್ಕೆ ಜಗಳ ಆಡುತ್ತಿದ್ದೆವು. ಅಮ್ಮ ಮೇಲಿನ ಅನ್ನವನ್ನೆಲ್ಲ ತೆಗೆದು, ಪಾತ್ರೆಯನ್ನು ಇನ್ನೊಂದು ಸಲ ಒಲೆಯ ಮೇಲಿಟ್ಟು, ಸಣ್ಣ ಉರಿಯಲ್ಲಿ ಸುಮ್ನೆ ಬಿಡುತ್ತಿದ್ದರು. ನಾವು ಕಿವಿಗೊಟ್ಟು ನಿಂತಿರುತ್ತಿದ್ದೆವು. ಮೊದಲು ಸುಂಯ್ ಅನ್ನುವ ಸದ್ದು, ಆಮೇಲೆ ಚಿಟಿಚಿಟಿ. ಚಿಟಿಚಿಟಿ ನಿಂತರೆ ಹೊಗೆ ಬರುತ್ತದೆ, ಅದಕ್ಕೆ ಮುಂಚೆ ಇಳಿಸಬೇಕು. ಸಟ್ಟುಗದ ತುದಿಯಿಂದ ಕೆರೆದರೆ ಹಪ್ಪಳದ ಹಾಗೆ ಒಂದೇ ಚೂರಾಗಿ ಏಳುತ್ತಿತ್ತು, ಒಂದು ಕಡೆ ಬೆಳ್ಳಗೆ ಮೆತ್ತಗೆ, ಇನ್ನೊಂದು ಕಡೆ ಕೆಂಪಗೆ ಗಟ್ಟಿಗೆ. ಅಮ್ಮ ಅದರ ಮೇಲೆ ಉಪ್ಪು ಉದುರಿಸಿ ಎರಡು ಪಾಲು ಮಾಡಿದರೆ ಅಕ್ಕ ಯಾವಾಗಲೂ ಅಳತೆ ನೋಡುತ್ತಿದ್ದಳು. ದೊಡ್ಡ ಪಾಲು ಅವಳದೇ, ಕಾರಣ ಅವಳು ಪಾತ್ರೆ ತೊಳೆಯುತ್ತಾಳಂತೆ. ತೊಳೆದಿದ್ದನ್ನು ನಾನು ನೋಡಿದ್ದು ಕಡಿಮೆ.

ಬೇಜಾರಾದಾಗ ಏನು ತಿನ್ನುತ್ತೀರಿ ಅಂತಲೂ ಕೇಳಿದ್ದೀರಲ್ಲ, ಅಲ್ಲಿ ನನ್ನ ಹಲ್ಲು ತಾನಾಗಿಯೇ ರಜೆ ಹಾಕುತ್ತದೆ. ಸಿಟ್ಟು ಬಂದರೆ ಗಟ್ಟಿಯದು ಬೇಕು, ದುಃಖವಾದರೆ ಮೆತ್ತಗಿನದು ಬೇಕು. ದುಃಖಕ್ಕೆ ನನ್ನದು ಹಿಸುಕಿದ ಆಲೂಗಡ್ಡೆ. ಸಿಪ್ಪೆ ತೆಗೆದು ಒಂದೇ ಅಳತೆಯ ತುಂಡು ಮಾಡಿ, ತಣ್ಣೀರಿಗೆ ಉಪ್ಪು ಹಾಕಿ ಅದರಲ್ಲೇ ಒಲೆಗೆ ಇಡಿ. ಕುದಿಯುವ ನೀರಿಗೆ ಹಾಕಿದರೆ ಹೊರಗೆ ಕರಗಿ ಒಳಗೆ ಗಟ್ಟಿ ಉಳಿಯುತ್ತದೆ. ಚಾಕು ತಡೆಯಿಲ್ಲದೆ ಇಳಿದಾಗ ನೀರು ಬಸಿದು, ಖಾಲಿ ಪಾತ್ರೆಯಲ್ಲಿ ಆಲೂಗಡ್ಡೆಯನ್ನು ಮತ್ತೆ ಒಂದು ನಿಮಿಷ ಒಲೆ ಮೇಲಿಟ್ಟು ಅಲುಗಾಡಿಸಿ, ಮೇಲಿನ ತೇವ ಹಾರಲಿ. ಬಿಸಿ ಇರುವಾಗಲೇ ಹಿಸುಕಿ ಮೊದಲು ಬೆಣ್ಣೆ, ಆಮೇಲೆ ಬಿಸಿ ಹಾಲು, ಕೊನೆಗೆ ಉಪ್ಪು, ಕಾಳುಮೆಣಸಿನ ಪುಡಿ. ಇಷ್ಟೇ. ಒಂದು ಸಲ ಕೈ ನೋವು ಅಂತ ಮಿಕ್ಸಿಗೆ ಹಾಕಿದೆ. ಆಲೂಗಡ್ಡೆಯ ಕಣಗಳೆಲ್ಲ ಒಡೆದು ಒಳಗಿನ ಪಿಷ್ಟ ಹೊರಗೆ ಬಂದು ಪೋಸ್ಟರ್ ಅಂಟಿಸುವ ಗೋಂದಿನ ಥರ ಆಯಿತು. ಚಮಚ ಎತ್ತಿದರೆ ಬಟ್ಟಲೂ ಜೊತೆಗೆ ಎದ್ದು ಬಂತು. ದುಃಖದ ದಿನ ಅದು, ನಗು ಬಂದದ್ದೊಂದೇ ಲಾಭ. ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ತಿನ್ನಬೇಕು, ಟೇಬಲ್ಲಿನಲ್ಲಿ ಕೂತು ತಟ್ಟೆಯಲ್ಲಿ ತಿಂದರೆ ನನಗೆ ಅದು ಸಮಾಧಾನದ ಊಟವಲ್ಲ, ಬರೀ ಪಲ್ಯ.

ಇದು ನಿಜವಾಗಿ ಬೇಜಾರು ಕಳೆಯುತ್ತದಾ ಅಂತ ಕೇಳಿದರೆ ಕೆಲಸ ಕೆಡುತ್ತದೆ. 2014ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಟ್ರೇಸಿ ಮಾನ್ ಮತ್ತು ಜೊತೆಯವರು ಒಂದು ಅಧ್ಯಯನ ಪ್ರಕಟಿಸಿದರು. ಜನರಿಗೆ ದುಃಖದ ದೃಶ್ಯ ತೋರಿಸಿ, ಕೆಲವರಿಗೆ ಅವರದೇ ಸಮಾಧಾನದ ತಿಂಡಿ, ಕೆಲವರಿಗೆ ಬೇರೆ ತಿಂಡಿ, ಕೆಲವರಿಗೆ ಏನೂ ಕೊಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಎಲ್ಲರ ಮನಸ್ಸೂ ಹೆಚ್ಚುಕಮ್ಮಿ ಒಂದೇ ಥರ ಸುಧಾರಿಸಿತ್ತು. ಬೇಜಾರು ತಾನಾಗಿಯೇ ಹೋಗುತ್ತದೆ, ನಾವು ಅದರ ಕ್ರೆಡಿಟ್ಟನ್ನು ಐಸ್‌ಕ್ರೀಮಿಗೆ ಕೊಡುತ್ತೇವೆ. ಇದನ್ನು ಓದಿ ನನಗೆ ಮೋಸವಾದ ಹಾಗೆ ಅನಿಸಿತು, ಆದರೂ ಆಲೂಗಡ್ಡೆ ಬಿಡಲಿಲ್ಲ. ಅದಕ್ಕಿಂತ ಮುಂಚೆ, 2011ರಲ್ಲಿ, ಟ್ರೊಯಿಸಿ ಮತ್ತು ಗೇಬ್ರಿಯಲ್ ಅನ್ನುವ ಇಬ್ಬರು ಸಂಶೋಧಕರು ಬೇರೆಯದೇ ತುದಿ ಹಿಡಿದಿದ್ದರು. ಇಂಥ ತಿಂಡಿ ನಮಗೆ ಹತ್ತಿರದವರನ್ನು ನೆನಪಿಗೆ ತರುತ್ತದೆ, ಒಂಟಿತನಕ್ಕೆ ಅದು ಮದ್ದು ಅಂತ. ನನ್ನ ಅನುಭವ ಇದರ ಕಡೆಗೇ ವಾಲುತ್ತದೆ. ಆಲೂಗಡ್ಡೆ ತಿಂದು ನನ್ನ ಬೇಜಾರು ಹೋಯಿತಾ, ಇಲ್ಲ ಇಪ್ಪತ್ತು ನಿಮಿಷ ಕಳೆದದ್ದಕ್ಕೆ ಹೋಯಿತಾ, ಗೊತ್ತಾಗುವುದಿಲ್ಲ. ತಳ ಹಿಡಿದ ಅನ್ನ ಕೆರೆಯುವಾಗ ಮಾತ್ರ ಪಕ್ಕದಲ್ಲಿ ಅಕ್ಕ ಅಳತೆ ನೋಡುತ್ತಾ ನಿಂತ ಹಾಗೇ ಇರುತ್ತದೆ.

ನಿಮ್ಮ ಪ್ರಶ್ನೆಯ ಕೆಳಗೆ ಉತ್ತರ ಬರೆದ ಒಬ್ಬರು ಫ್ರಿಜ್ಜಿನ ಬಾಗಿಲು ತೆಗೆದು ಅಲ್ಲೇ ನಿಂತು ನಿನ್ನೆಯ ಅನ್ನ ತಣ್ಣಗೇ ತಿನ್ನುತ್ತೇನೆ ಅಂದಿದ್ದಾರೆ. ತಿನ್ನಿ, ನಾನೂ ತಿನ್ನುತ್ತೇನೆ, ತಣ್ಣಗಾದ ಅನ್ನದ ಪಿಷ್ಟ ಮತ್ತೆ ಗಟ್ಟಿಯಾಗುವುದರಿಂದ ಅಗಿಯಲು ಅದೇ ಚೆನ್ನ. ಆದರೆ ಆ ಅನ್ನ ಫ್ರಿಜ್ಜಿಗೆ ಹೋದದ್ದು ಯಾವಾಗ ಅನ್ನುವುದು ಮುಖ್ಯ. ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಅನ್ನುವ ಒಂದು ಬ್ಯಾಕ್ಟೀರಿಯಾದ ಬೀಜಕಣ ಅಕ್ಕಿಯಲ್ಲಿ ಇರಬಹುದು. ಅನ್ನ ಹೊರಗೆ ಬೆಚ್ಚಗೆ ಕೂತಷ್ಟು ಹೊತ್ತೂ ಅದು ಬೆಳೆದು ವಿಷ ಬಿಡುತ್ತದೆ, ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಗಲ ಡಬ್ಬಿಯಲ್ಲಿ ತೆಳ್ಳಗೆ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ 5 ಡಿಗ್ರಿಗಿಂತ ಕೆಳಗೆ ಸೇರಿಸಿ, ಮರುದಿನ ಮುಗಿಸಿಬಿಡಿ. ಇಡೀ ರಾತ್ರಿ ಒಲೆ ಮೇಲೇ ಮರೆತಿದ್ದರೆ ಎಸೆಯಿರಿ, ಜಿಪುಣತನ ಬೇಡ.

ಇನ್ನೊಂದು ಚಟಕ್ಕೆ ಮಾತ್ರ ನಾನು ನಗುವುದಿಲ್ಲ, ಐಸ್ ಕಡಿಯುವುದು. ಟ್ರೇ ಟ್ರೇ ಐಸ್ ತಿನ್ನಬೇಕು ಅನಿಸುವುದು, ಹಸಿ ಅಕ್ಕಿ, ಸೀಮೆಸುಣ್ಣದ ಕಡ್ಡಿ, ಮಣ್ಣು ಬೇಕು ಅನಿಸುವುದು ಎಷ್ಟೋ ಸಲ ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದದ್ದರ ಗುರುತು. ಒಂದು ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣ ಸರಿಹೋದ ಮೇಲೆ ಐಸಿನ ಆಸೆ ತಾನಾಗಿ ಹೋದವರು ಬಹಳ ಜನ.

ನನಗೆ ಕಬ್ಬಿಣ ಸರಿಯಿತ್ತು, ಸರಿಯಿಲ್ಲದ್ದು ಹಲ್ಲು. ಹೋದ ವರ್ಷ ರಾತ್ರಿ ಹನ್ನೊಂದಕ್ಕೆ ತಳ ಹಿಡಿದ ಅನ್ನವನ್ನು ಒಂದು ನಿಮಿಷ ಜಾಸ್ತಿ ಬಿಟ್ಟುಬಿಟ್ಟೆ. ಗಾಜಿನ ಹಾಗಾಗಿತ್ತು. ಆದರೂ ಕಡಿದೆ. ಕಟಕ್ ಅಂತು, ನೋಡಿದರೆ ಅನ್ನವಲ್ಲ, ಬಲಗಡೆ ದವಡೆ ಹಲ್ಲಿಗೆ ತುಂಬಿಸಿದ್ದ ಸಿಮೆಂಟು. ಡಾಕ್ಟರು "ಏನು ತಿಂದ್ರಿ?" ಅಂತ ಕೇಳಿದಾಗ ನಾಚಿಕೆಯಾಗಿ ಬಾದಾಮಿ ಅಂದೆ. ನಿಜ ಹೇಳಿದ್ದು ಅಕ್ಕನಿಗೆ ಮಾತ್ರ, ಫೋನಿನಲ್ಲಿ. ಅಯ್ಯೋ ಪಾಪ ಅನ್ನುತ್ತಾಳೇನೋ ಅಂತ ಕಾದೆ. ಅವಳು, "ಯಾವ ಕಡೆ ಹಲ್ಲು?" ಅಂದಳು. ಬಲಗಡೆ ಅಂದೆ. "ಹಾಗಾದ್ರೆ ಎಡಗಡೆ ಇದೆಯಲ್ಲೋ" ಅಂತ ಫೋನ್ ಇಟ್ಟಳು.