ಐರ್ಲೆಂಡ್ ಭಾರತಕ್ಕೆ ಸಮವಾಗಿ ಕಾಣುವುದೇಕೆ?

2018ರ ವಿಶ್ವಬ್ಯಾಂಕಿನ ವಿಮಾನ ಪ್ರಯಾಣಿಕರ ಪಟ್ಟಿಯಲ್ಲಿ ಭಾರತ, ಐರ್ಲೆಂಡ್ ಎರಡೂ 16 ಕೋಟಿ ಪ್ರಯಾಣಿಕರನ್ನು ದಾಟಿವೆ, 50 ಲಕ್ಷ ಜನರ ದೇಶಕ್ಕೆ ಇದು ಹೇಗೆ ಸಾಧ್ಯ ಎಂದು ಕೇಳಿದ್ದೀರಿ. ಅಂಕಿ ಸರಿಯಾಗಿಯೇ ಇದೆ. ಆದರೆ ಆ ಪಟ್ಟಿ ಎಣಿಸುವುದು ದೇಶದ ಜನರನ್ನಲ್ಲ, ಆ ದೇಶದಲ್ಲಿ ನೋಂದಾಯಿತವಾದ ವಿಮಾನ ಕಂಪನಿಗಳು ಹೊತ್ತ ಪ್ರಯಾಣಿಕರನ್ನು. ರಯನ್‌ಏರ್ ವಿಮಾನ ಕಂಪನಿ ಐರ್ಲೆಂಡಿನದು. ಮಿಲಾನ್‌ನಿಂದ ಬಾರ್ಸಿಲೋನಾಗೆ ಅದರಲ್ಲಿ ಹೋದವರು ಐರ್ಲೆಂಡಿನ ನೆಲವನ್ನೇ ಮುಟ್ಟದಿದ್ದರೂ ಅದೇ ಲೆಕ್ಕಕ್ಕೆ ಸೇರುತ್ತಾರೆ.

ಹಾಗಂತ ವಿಮಾನ ನಿಲ್ದಾಣಗಳ ಅಂಕಿಗೆ ಹೋದರೆ ಇನ್ನೊಂದು ತೊಡಕು. ಅಲ್ಲಿ ದೇಶದೊಳಗಿನ ಪ್ರಯಾಣಿಕ ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಲೆಕ್ಕಕ್ಕೆ ಬರುತ್ತಾನೆ. ಭಾರತದ ನಿಲ್ದಾಣಗಳಲ್ಲಿ 2023-24ರ ದೇಶೀಯ ಸಂಖ್ಯೆ ಸುಮಾರು 30 ಕೋಟಿ. ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಪ್ರಕಾರ 2023ರಲ್ಲಿ ದೇಶದೊಳಗೆ ಹಾರಿದವರು ಸುಮಾರು 15 ಕೋಟಿ. ಈ ಎರಡನ್ನು ಬೆರೆಸಿ ಹೋಲಿಸಿದರೆ ಎಲ್ಲವೂ ಕೆಟ್ಟಿತು. ನಿಲ್ದಾಣಗಳ ದೇಶೀಯ ಸಂಖ್ಯೆಯನ್ನು ಮೊದಲು ಅರ್ಧ ಮಾಡಿ. ಆದರೆ ಅಂತರರಾಷ್ಟ್ರೀಯ ಪ್ರಯಾಣಿಕರ ಸಂಖ್ಯೆಯನ್ನು ಅರ್ಧ ಮಾಡಬೇಡಿ, ಅವರ ಇನ್ನೊಂದು ತುದಿ ಬೇರೆ ದೇಶದ ಲೆಕ್ಕದಲ್ಲಿರುತ್ತದೆ.

ವಿಮಾನಗಳ ಸಂಖ್ಯೆಯನ್ನಂತೂ ನಂಬಲೇಬೇಡಿ. ಗುತ್ತಿಗೆ ವಿಮಾನಗಳು ಒಂದು ದೇಶದಲ್ಲಿ ನೋಂದಣಿಯಾಗಿ ಇನ್ನೊಂದರಲ್ಲಿ ಹಾರುತ್ತವೆ.

ಕಂಪನಿಗಳ ಗಾತ್ರ ಬೇಕಿದ್ದರೆ ಪ್ರಯಾಣಿಕ-ಕಿಲೋಮೀಟರ್ ನೋಡಿ, ಅಂದರೆ ಪ್ರಯಾಣಿಕರು ಗುಣಿಸು ದೂರ. ಬೆಂಗಳೂರು-ಮಂಗಳೂರು ಸುಮಾರು 300 ಕಿ.ಮೀ., ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 14,000. ತಲೆ ಎಣಿಕೆಯಲ್ಲಿ ಎರಡೂ ಒಂದೇ. ಜನ ಎಷ್ಟು ಹಾರುತ್ತಾರೆ ಎಂಬುದೇ ನಿಮ್ಮ ಪ್ರಶ್ನೆಯಾದರೆ, ನಿಲ್ದಾಣಗಳಿಂದ ಹೊರಟವರ ಸಂಖ್ಯೆಯನ್ನಷ್ಟೇ ತೆಗೆದುಕೊಂಡು, ವಿಮಾನ ಬದಲಿಸಲು ಇಳಿದವರನ್ನು ಕಳೆದು, ಜನಸಂಖ್ಯೆಯಿಂದ ಭಾಗಿಸಿ. ಬಹಳ ಜನ ವಿಮಾನ ಬದಲಿಸುವ ದುಬೈಯಂಥ ಕಡೆ ಈ ಕಳೆಯುವಿಕೆ ಬಿಟ್ಟರೆ ಉತ್ತರ ಪೂರ್ತಿ ತಪ್ಪುತ್ತದೆ.