ದಸರಾ ಬಿಟ್ಟು ಜುಲೈನಲ್ಲಿ ಮೈಸೂರಿಗೆ ಬಂದರೆ ಹೇಗೆ?

ದಸರಾಕ್ಕೆ ರಜೆ ಸಿಗಲ್ಲ, ಜುಲೈನಲ್ಲಿ ರೂಮಿನ ಬಾಡಿಗೆ ಕಡಿಮೆ ಇದೆ, ವಯಸ್ಸಾದ ಅಪ್ಪ ಅಮ್ಮನನ್ನೂ ಮಗನನ್ನೂ ಕರೆದುಕೊಂಡು ಹುಬ್ಬಳ್ಳಿಯಿಂದ ಬಂದರೆ ಮಳೆಗೆ ಸಿಕ್ಕಿ ದುಡ್ಡು ದಂಡ ಆಗುತ್ತಾ ಅಂತ ಕೇಳಿದ್ದೀರಿ. ನಾನು ಇದೇ ಊರಿನವನು. ಧಾರಾಳವಾಗಿ ಬನ್ನಿ.

ಮೈಸೂರಿನಲ್ಲಿ ಜಾಸ್ತಿ ಮಳೆ ಬೀಳುವುದು ಮೇ ತಿಂಗಳಲ್ಲಿ, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಂದರೆ ಸರಿಯಾಗಿ ದಸರಾ ಹೊತ್ತಿಗೆ! ಜುಲೈನ ಮುಂಗಾರು ಕೊಡಗಿನ ಕಡೆಯೇ ಸುರಿದುಬಿಡುತ್ತದೆ. ನಮ್ಮ ಪಾಲಿಗೆ ಬರುವುದು ಮೋಡ, ಗಾಳಿ, ಆಗಾಗ ಜಿಟಿಜಿಟಿ. ಒಂದು ಕೊಡೆ ಸಾಕು.

ಮಳೆಗಿಂತ ಪಂಚಾಂಗ ನೋಡಿಕೊಳ್ಳಿ. ಜುಲೈ ಅಂದರೆ ಸಾಮಾನ್ಯವಾಗಿ ಆಷಾಢ. ಮದುವೆಗಳಿಲ್ಲ, ಶಾಲೆಗೆ ರಜೆ ಇಲ್ಲ, ಹಾಗಾಗಿ ರೂಮುಗಳು ಖಾಲಿ. ಆದರೆ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಮಾತ್ರ ಹೋಗಬೇಡಿ. ನಸುಕಿನಲ್ಲೇ ಸಾಲು ಶುರು. ಸ್ವಂತ ಗಾಡಿಗಳನ್ನು ಕೆಳಗೇ ನಿಲ್ಲಿಸಿ ಬಸ್ಸಿನಲ್ಲಿ ಕಳಿಸುತ್ತಾರೆ. ಗುರುವಾರ ಸಂಜೆ ಮಾರುಕಟ್ಟೆಯಲ್ಲಿ ಹೂವಿನ ಬೆಲೆ ಕೇಳಿದರೆ ಸಾಕು, ಮರುದಿನದ ಜನಜಂಗುಳಿಯ ಅಂದಾಜು ಸಿಗುತ್ತದೆ. ಅಮ್ಮನವರ ವರ್ಧಂತಿಯೂ ಆಷಾಢದಲ್ಲೇ, ಆ ದಿನವೂ ಬೇಡ.

ಶನಿವಾರವೂ ಬೇಡ ಅನ್ನುತ್ತೇನೆ. 2023ರಲ್ಲಿ ಹೊಸ ಹೆದ್ದಾರಿ ಆದ ಮೇಲೆ ಬೆಂಗಳೂರಿನವರಿಗೆ ಸೀಸನ್ ಗೀಸನ್ ಏನೂ ಇಲ್ಲ, ವಾರಾಂತ್ಯ ಬಂತೆಂದರೆ ಕಾರು ಹತ್ತಿ ಬರುತ್ತಾರೆ. ನಾನಾಗಿದ್ದರೆ ಭಾನುವಾರ ಮಧ್ಯಾಹ್ನ ಅವರು ವಾಪಸ್ ಹೊರಡುವ ಹೊತ್ತಿಗೆ ಬಂದಿಳಿದು ಬುಧವಾರದವರೆಗೆ ಇರುತ್ತಿದ್ದೆ. ಭಾನುವಾರ ಸಂಜೆ 7ಕ್ಕೆ ಅರಮನೆಯ ದೀಪ ಹೇಗೂ ಹತ್ತುತ್ತದೆ, ಅದಕ್ಕೆ ದಸರಾವೇ ಆಗಬೇಕಿಲ್ಲ.

ಒಳಗೆ ನೋಡಲು ಸೋಮವಾರ ಬೆಳಿಗ್ಗೆ ಹೋಗಿ. ದಸರಾ ಸಮಯದಲ್ಲಿ ಕಲ್ಯಾಣ ಮಂಟಪದಲ್ಲಿ ಹಿಂದಿನವರು ತಳ್ಳುತ್ತಲೇ ಇರುತ್ತಾರೆ. ಆಗ ತಲೆ ಎತ್ತಿ ಬಣ್ಣದ ಗಾಜಿನ ನವಿಲುಗಳನ್ನು ನೋಡಲೂ ಬಿಡುವಿಲ್ಲ. ಖಾಲಿ ಇದ್ದಾಗ ಗೋಡೆಯ ಚಿತ್ರಗಳನ್ನೂ ನಿಧಾನವಾಗಿ ನೋಡಬಹುದು. ಆ ಚಿತ್ರಗಳಲ್ಲಿರುವುದು ಹಳೆಯ ದಸರಾ ಮೆರವಣಿಗೆಯೇ: ಆನೆ, ಕುದುರೆ, ಸಿಪಾಯಿಗಳು, ಪೇಟ ಸುತ್ತಿದ ದರ್ಬಾರಿಗಳು. ಮಗನಿಗೆ ಒಂದೊಂದೇ ತೋರಿಸಿ. ಹೊರಗೆ ಚಪ್ಪಲಿ ಬಿಡಬೇಕು, ಹನಿ ಬಿದ್ದಿದ್ದರೆ ಕಲ್ಲು ಜಾರುತ್ತದೆ, ಹಿರಿಯರ ಕೈ ಹಿಡಿದುಕೊಳ್ಳಿ.

ಮಂಗಳವಾರ ಮೃಗಾಲಯಕ್ಕೆ ರಜೆ. ಅವತ್ತು ಶಿವನಸಮುದ್ರಕ್ಕೆ ಹೋಗಿ ಬನ್ನಿ. ಮುಂಗಾರು ಚೆನ್ನಾಗಿ ಹಿಡಿದು ಕಾವೇರಿಗೆ ನೀರು ಬಿಟ್ಟಿದ್ದರೆ ಗಗನಚುಕ್ಕಿ, ಭರಚುಕ್ಕಿ ಎರಡೂ ಮೈದುಂಬಿ ಬೀಳುತ್ತವೆ. ಬೇಸಿಗೆ ರಜೆಯಲ್ಲಿ ಬಂದವರು ಹೆಚ್ಚಾಗಿ ನೋಡುವುದು ಬರೀ ಬಂಡೆ. ಆದರೆ ಅದೇ ನೀರಿನಿಂದ ರಂಗನತಿಟ್ಟಿನಲ್ಲಿ ದೋಣಿ ನಿಂತುಹೋಗುತ್ತದೆ. ಅಲ್ಲಿಗೆ ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ, ಸುಮ್ನೆ ಹೋಗಿ ಮಗನಿಗೆ ಬೇಜಾರಾಗುವುದು ಬೇಡ.

ನಿಮಗೆ ಸಿಗದೇ ಹೋಗುವುದೂ ಒಂದಿದೆ. ರತ್ನಖಚಿತ ಸಿಂಹಾಸನವನ್ನು ಜೋಡಿಸಿ ಇಡುವುದು ದಸರಾದಲ್ಲಿ ಮಾತ್ರ. ನಿಮ್ಮ ತಂದೆಯವರಿಗೆ ಅದನ್ನೇ ನೋಡುವ ಆಸೆ ಇದ್ದರೆ ಜುಲೈ ಬೇಡ, ಇನ್ನೊಂದು ವರ್ಷ ಕಾಯಿರಿ. ಜಂಬೂಸವಾರಿಯನ್ನಂತೂ ಆ ನೂಕುನುಗ್ಗಲಿನಲ್ಲಿ ನಿಲ್ಲುವುದಕ್ಕಿಂತ ಟಿವಿಯಲ್ಲಿ ನೋಡುವುದೇ ವಾಸಿ, ನಾವು ಊರಿನವರೇ ಹಾಗೆ ಮಾಡುತ್ತೇವೆ.

ರೂಮು ಬುಕ್ ಮಾಡುವಾಗ ಬಾಡಿಗೆಯೊಂದನ್ನೇ ನೋಡಬೇಡಿ. ಗಿರಾಕಿ ಕಡಿಮೆ ಇರುವಾಗಲೇ ಎಷ್ಟೋ ಹೋಟೆಲಿನವರು ಬಣ್ಣ ಬಳಿಸುವುದು, ಲಿಫ್ಟ್ ರಿಪೇರಿ ಮಾಡಿಸುವುದು. ದುಡ್ಡು ಕಟ್ಟುವ ಮೊದಲು ಲಿಫ್ಟ್ ಓಡುತ್ತಿದೆಯಾ, ಇಲ್ಲದಿದ್ದರೆ ನೆಲಮಹಡಿಯಲ್ಲಿ ರೂಮು ಕೊಡುತ್ತಾರಾ ಅಂತ ಬಾಯಿಬಿಟ್ಟು ಕೇಳಿ.