ರವಿವಾರದ ಕಾಫಿ ಮತ್ತು ಭಾಲ್ಕಿಯ ಸಂಬಂಧ

ಪ್ರಶ್ನೆ: ಮಾನ್ಯರೆ, ನಾನು ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನವನು, ವಯಸ್ಸು 25. ಕಳೆದ ವರ್ಷದಿಂದ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೇನೆ. ಆ ಊರಿನವಳೇ ಆದ ಸಹಪಾಠಿಯೊಬ್ಬಳು ಬರುವ ರವಿವಾರ ಮಧ್ಯಾಹ್ನ ಎಲ್ಬ್ ನದಿಯ ದಂಡೆಯಲ್ಲಿ ಅಡ್ಡಾಡಿ, ಆಮೇಲೆ ಕಾಫಿ ಕುಡಿಯೋಣವೇ ಎಂದು ಕೇಳಿದಳು, ಒಪ್ಪಿಕೊಂಡಿದ್ದೇನೆ. ಇದು ಡೇಟಿಂಗೋ ಬರಿಯ ಗೆಳೆತನವೋ ತಿಳಿಯುತ್ತಿಲ್ಲ. ಏನಾದರೂ ಒಯ್ಯಬೇಕೇ, ಬಿಲ್ ಯಾರು ಕೊಡಬೇಕು, ನಾನು ಮದ್ಯ ಮುಟ್ಟದವನೆಂದರೆ ಅವಳಿಗೆ ಬೇಸರವಾದೀತೇ? ಇನ್ನೊಂದು ವಿಷಯವೂ ಇದೆ. ದೀಪಾವಳಿಯ ಹೊತ್ತಿಗೆ ಮನೆಯವರು ಭಾಲ್ಕಿಯಲ್ಲಿ ಕನ್ಯೆ ನೋಡಿ ಬಂದು ಫೋಟೊ ಕಳಿಸಿದ್ದರು. ನಾನು 'ನೋಡೋಣ' ಎಂದಷ್ಟೇ ಹೇಳಿದ್ದೆ. ಪ್ರತಿ ರವಿವಾರ ರಾತ್ರಿ ಅವ್ವ ವಿಡಿಯೊ ಕಾಲ್ ಮಾಡುವ ಸಮಯಕ್ಕೇ ಈ ಭೇಟಿ ಬಂದಿದೆ.
– ಹೆಸರು ಬೇಡ

ಉತ್ತರ: ನೀವು ಕೊನೆಯಲ್ಲಿ ಬರೆದ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಉಳಿದ ಪ್ರಶ್ನೆಗಳೆಲ್ಲ ಅದರ ಮುಂದೆ ಸಣ್ಣವು. ನಮ್ಮ ಕಡೆ ಹಿರಿಯರೆದುರು 'ಬೇಡ' ಎನ್ನಲಾಗದವರು 'ನೋಡೋಣ' ಎನ್ನುತ್ತಾರೆ. ಆದರೆ ಕನ್ಯೆ ನೋಡಿ ಬಂದ ಮನೆಯಲ್ಲಿ ಆ ಮಾತಿಗೆ 'ಹುಡುಗ ಒಪ್ಪಿದಂತೆಯೇ' ಎಂಬ ಅರ್ಥ ಹುಟ್ಟಲು ಹೆಚ್ಚು ದಿನ ಬೇಕಾಗುವುದಿಲ್ಲ. ಭಾಲ್ಕಿಯ ಆ ಮನೆಯವರು ನಿಮ್ಮ ಉತ್ತರಕ್ಕಾಗಿ ಬೇರೆ ಸಂಬಂಧಗಳನ್ನು ತಡೆದು ಕುಳಿತಿರಬಹುದು. ಆ ಹುಡುಗಿಯ ಒಂದೊಂದು ತಿಂಗಳೂ ನಿಮ್ಮ ಒಂದು ಅರೆಮಾತಿನ ಮೇಲೆ ನಿಂತಿರುವಾಗ ನೀವು ಇನ್ನೊಬ್ಬಳೊಡನೆ ಹೊಳೆಯ ದಂಡೆಯಲ್ಲಿ ನಡೆಯುವುದು ಇಬ್ಬರಿಗೂ ಮಾಡುವ ಅನ್ಯಾಯ. ಕಾಫಿ ಕುಡಿಯುವುದರಲ್ಲಿ ಯಾವ ತಪ್ಪೂ ಇಲ್ಲ, ಮುಚ್ಚಿಟ್ಟು ಕುಡಿಯುವುದು ತಪ್ಪು.

ಇದು ಡೇಟಿಂಗೇ ಎಂದು ಕೇಳಿದ್ದೀರಿ. ಆಹ್ವಾನವೊಂದರಿಂದಲೇ ಅದನ್ನು ಹೇಳಲಾಗದು. ಜರ್ಮನಿಯಲ್ಲಿ ರವಿವಾರ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ. ಮಧ್ಯಾಹ್ನ ಅಡ್ಡಾಡಿ ಬಂದು ಕಾಫಿ, ಕೇಕಿಗೆ ಕೂರುವುದು ಅಲ್ಲಿಯ ಹಳೆಯ ರೂಢಿ, ಅದನ್ನು ಮನೆಯವರೊಡನೆಯೂ ಮಾಡುತ್ತಾರೆ, ಗೆಳೆಯರೊಡನೆಯೂ ಮಾಡುತ್ತಾರೆ. ಬೀದರಿನ ಬರೀದಶಾಹಿ ಉದ್ಯಾನದಲ್ಲಿ ಹುಡುಗ ಹುಡುಗಿ ಅರ್ಧ ಗಂಟೆ ಕುಳಿತರೆ ಅವರಿಗಿಂತ ಮೊದಲೇ ಸುದ್ದಿ ಮನೆ ತಲುಪುವ ವಾತಾವರಣದಲ್ಲಿ ಬೆಳೆದ ನಿಮಗೆ ಇಂಥ ಭೇಟಿಯೆಲ್ಲ ಪ್ರೇಮವೆಂದೇ ತೋರುವುದು ಸಹಜ. ಅಲ್ಲಿ ಭಾಷೆಯೂ ಒಂದು ತೊಡಕು ತಂದಿಡುತ್ತದೆ. ನಾವು 'ನನ್ನ ಗೆಳತಿ' ಎಂದಂತೆ ನೀವು ಜರ್ಮನ್‌ನಲ್ಲಿ 'ಮೈನೆ ಫ್ರಾಯಿಂಡಿನ್' ಎಂದುಬಿಟ್ಟರೆ ಕೇಳಿದವರು ಅದನ್ನು ಸಾಮಾನ್ಯವಾಗಿ ಪ್ರೇಯಸಿ ಎಂದೇ ತಿಳಿಯುತ್ತಾರೆ. ಬರಿಯ ಸ್ನೇಹಿತೆಗೆ 'ಐನೆ ಫ್ರಾಯಿಂಡಿನ್ ಫೊನ್ ಮಿಯರ್', ಅಂದರೆ ನನ್ನ ಗೆಳತಿಯರಲ್ಲೊಬ್ಬಳು ಎನ್ನಬೇಕು. ಪ್ರಯೋಗಾಲಯದ ಗೆಳೆಯರೆದುರು ಈ ಎರಡರ ವ್ಯತ್ಯಾಸ ಮರೆಯಬೇಡಿ. ಅನುಮಾನ ಉಳಿದರೆ ಅವಳನ್ನೇ ಕೇಳಿ. ನೇರವಾಗಿ ಕೇಳುವುದು ಅಲ್ಲಿ ಒರಟುತನವಲ್ಲ, ಮತ್ತು ನಿಮ್ಮ 'ನೋಡೋಣ' ಎಂಬ ಮಾತಿನ ಹಿಂದೆ ಏನಿದೆ ಎಂದು ಅವಳು ಊಹಿಸುತ್ತ ಕೂರುವುದೂ ಇಲ್ಲ.

ಉಡುಗೊರೆಯ ಅಗತ್ಯವಿಲ್ಲ, ಕೆಂಪು ಗುಲಾಬಿಯನ್ನಂತೂ ಒಯ್ಯಬೇಡಿ, ಅದು ಅಲ್ಲಿ ಪ್ರೇಮನಿವೇದನೆಯೇ ಆಗುತ್ತದೆ. ಊರಿನಿಂದ ತಂದ ಬಿದರಿ ಕೆಲಸದ ಡಬ್ಬಿಯೇನಾದರೂ ಇದ್ದರೆ ಅದನ್ನು ಇನ್ನೊಂದು ದಿನಕ್ಕಿಡಿ, ಆದರೆ ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಅದನ್ನು ಕಪ್ಪಾಗಿಸುವ ಬಗೆಯನ್ನು ಅವಳಿಗೆ ಹೇಳಿ. ಮಾತು ತಾನಾಗಿ ಬೆಳೆಯುತ್ತದೆ. ಹೇಳಿದ ಸಮಯಕ್ಕೆ ಸರಿಯಾಗಿ ಅಲ್ಲಿರಿ. ಬಿಲ್ ತರುವಾಗ ಒಟ್ಟಿಗೋ ಬೇರೆ ಬೇರೆಯೋ ಎಂದು ಸಿಬ್ಬಂದಿಯೇ ಕೇಳುವುದುಂಟು. ವಿದ್ಯಾರ್ಥಿಗಳು ತಮ್ಮ ತಮ್ಮ ಪಾಲು ಕೊಡುವುದು ಸಾಮಾನ್ಯ, ಅವಳು ತನ್ನದನ್ನು ಕೊಟ್ಟರೆ ಅದನ್ನು ಅವಮಾನವೆಂದು ತಿಳಿಯಬೇಡಿ. ಮದ್ಯ ಬೇಡವೆನ್ನಲು ಕಾರಣ ಹೇಳಬೇಕಿಲ್ಲ. ಸೇಬಿನ ರಸಕ್ಕೆ ಸೋಡಾ ನೀರು ಬೆರೆಸಿದ 'ಆಪ್ಫೆಲ್‌ಶೋರ್ಲೆ' ಎಲ್ಲೆಡೆ ಸಿಗುತ್ತದೆ.

ನೀವು ಕೇಳದ ಒಂದು ಮಾತನ್ನೂ ಹೇಳಬೇಕು. ಅವಳು ಭೇಟಿಯಾದಾಗ ಅಪ್ಪಿಕೊಂಡು ಮಾತನಾಡಿಸಿದರೆ ಅದು ಅಲ್ಲಿ ಗೆಳೆಯರ ನಮಸ್ಕಾರವಷ್ಟೇ. ಮುಂದಿನ ಯಾವುದಕ್ಕೂ ಅನುಮತಿಯಲ್ಲ. ಜರ್ಮನಿ 2016ರಲ್ಲಿ ತನ್ನ ದಂಡ ಸಂಹಿತೆಯನ್ನು ತಿದ್ದಿ, ಬಲಪ್ರಯೋಗ ನಡೆಯದಿದ್ದರೂ ಇನ್ನೊಬ್ಬರ ಗೋಚರವಾಗುವ ಇಚ್ಛೆಗೆ ವಿರುದ್ಧವಾದ ಲೈಂಗಿಕ ಕೃತ್ಯವನ್ನು ಅಪರಾಧವೆಂದಿದೆ. ಕಾನೂನಿನ ಭಯಕ್ಕಾಗಿ ಇದನ್ನು ಬರೆಯುತ್ತಿಲ್ಲ. 'ಬೇಡ' ಎಂಬುದನ್ನು ನಾಚಿಕೆಯೆಂದು ಓದಿಕೊಳ್ಳುವ ಕೆಟ್ಟ ಅಭ್ಯಾಸ ನಮ್ಮ ಹುಡುಗರಲ್ಲಿ ಇನ್ನೂ ಇದೆ, ಅದು ಎಷ್ಟು ಹುಡುಗಿಯರನ್ನು ನೋಯಿಸಿದೆ ಎಂಬುದು ನನ್ನನ್ನು ಬಾಧಿಸುತ್ತದೆ. ನೀವು ಹಾಗಿರಬೇಡಿ.

ಚಳಿಗಾಲದಲ್ಲಿ ಡ್ರೆಸ್ಡೆನ್‌ನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಮಧ್ಯಾಹ್ನ ಮೂರೂವರೆಯಾದಾಗ ನಿಮ್ಮ ಮನೆಯಲ್ಲಿ ರಾತ್ರಿ ಎಂಟು. ಆದ್ದರಿಂದ ರವಿವಾರದ ಕರೆಗೆ ಕಾಯದೆ ಶನಿವಾರವೇ ನೀವಾಗಿ ಅವ್ವನಿಗೆ ಫೋನ್ ಮಾಡಿ. ಭಾಲ್ಕಿಯ ಸಂಬಂಧ ಬೇಕೇ ಬೇಡವೇ ಎಂಬುದನ್ನು ಒಂದೇ ಮಾತಿನಲ್ಲಿ ಹೇಳಿ. ಬೇಡವಾದರೆ ಆ ಮನೆಗೆ ಈ ವಾರವೇ ತಿಳಿಸುವಂತೆ ಅಪ್ಪನನ್ನು ಕೇಳಿಕೊಳ್ಳಿ. ಬೇಕೆಂದಾದರೆ ಆ ಮಾತನ್ನು ರವಿವಾರ ದಂಡೆಯ ಮೇಲೆ ನಡೆಯುವಾಗಲೇ, ಕಾಫಿಗೆ ಕೂರುವ ಮೊದಲು, ನಿಮ್ಮ ಸಹಪಾಠಿಗೆ ಹೇಳಿಬಿಡಿ. ನಾಳೆ ಎಲ್ಲಿಗೆ ಹೋಗುತ್ತೀಯಪ್ಪ ಎಂದು ಅವ್ವ ಕೇಳಿದರೆ, ಸಹಪಾಠಿಯೊಬ್ಬಳೊಡನೆ ಹೊಳೆ ದಂಡೆಗೆ ಎಂದೇ ಉತ್ತರಿಸಿ.